ಹಳೇ ರೇಡಿಯೊ ಪತ್ತೇದಾರಿ ನಾಟಕ: ಯಾವುದರಿಂದ ಶುರು ಮಾಡಬೇಕು?

ಹಳೇ ಕಾಲದ ಪತ್ತೇದಾರಿ ರೇಡಿಯೊ ನಾಟಕ ಕೇಳಬೇಕು, ಯಾವುದರಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಹೀಗಿದೆ. ಒಂದೇ ಒಂದು ನಾಟಕ ಕೇಳುವಷ್ಟು ಪುರುಸೊತ್ತಿದ್ದರೆ ‘ಸಸ್ಪೆನ್ಸ್’ ಸರಣಿಯ ‘ಸಾರಿ, ರಾಂಗ್ ನಂಬರ್’. ದಿನಾ ರಾತ್ರಿ ಮಲಗುವ ಮುಂಚೆ ಒಂದೊಂದು ಕೇಳುವುದಾದರೆ ‘ದಿ ವಿಸ್ಲರ್’. ಮನೆಮಂದಿ ಜೊತೆ ಕೂತು ಕೇಳುವುದಾದರೆ ‘ಜಾನಿ ಡಾಲರ್’ನ ಐದು ಕಂತಿನ ಕಥೆಗಳು. ಹೆಸರು ದೊಡ್ಡದು ಎಂದು ಎಲ್ಲರೂ ಮೊದಲು ಹಾಕಿಕೊಳ್ಳುವ ‘ಇನ್ನರ್ ಸ್ಯಾಂಕ್ಟಮ್’ ಮಾತ್ರ ಕೊನೆಗಿರಲಿ.

ಇವೆಲ್ಲ ಅಮೆರಿಕದ ಸರಣಿಗಳು. ಟಿವಿ ಮನೆಮನೆಗೂ ಬರುವ ಮುಂಚೆ ಅಲ್ಲಿ ಕೊಲೆ, ಪತ್ತೇದಾರಿಕೆ, ದೆವ್ವದ ಕಥೆ ಎಲ್ಲಕ್ಕೂ ರೇಡಿಯೊನೇ ಗತಿ. ವಾರಕ್ಕೊಂದು ಕಥೆ, ಜಾಹೀರಾತು ಸೇರಿ ಅರ್ಧ ಗಂಟೆ. 1962ರ ಸೆಪ್ಟೆಂಬರ್ 30ರಂದು ಸಿಬಿಎಸ್ ಎಂಬ ಪ್ರಸಾರ ಸಂಸ್ಥೆ ‘ಸಸ್ಪೆನ್ಸ್’ ಮತ್ತು ‘ಯುವರ್ಸ್ ಟ್ರೂಲಿ, ಜಾನಿ ಡಾಲರ್’ ಎರಡನ್ನೂ ಒಂದೇ ದಿನ ಮುಗಿಸಿತು. ಅಮೆರಿಕದ ರೇಡಿಯೊ ನಾಟಕದ ಸುವರ್ಣ ಯುಗ ಅಲ್ಲಿಗೆ ಮುಗಿಯಿತು ಎಂದು ಬಲ್ಲವರು ಲೆಕ್ಕ ಹಾಕುತ್ತಾರೆ. ಕೇಳುವವರು ಮಾತ್ರ ಮುಗಿದಿಲ್ಲ. ಸಾವಿರಾರು ಕಂತುಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತವೆ, ಹೊಸ ಕೇಳುಗರು ಬರುತ್ತಲೇ ಇದ್ದಾರೆ. ಆಕಾಶವಾಣಿಯ ನಾಟಕ, ವಿವಿಧ ಭಾರತಿಯ ಹವಾ ಮಹಲ್ ಕೇಳಿಕೊಂಡು ಬೆಳೆದವರಿಗಂತೂ ಇದಕ್ಕೆ ಬೇರೆ ತಯಾರಿಯೇ ಬೇಡ. ಕಿವಿ ಆಗಲೇ ಪಳಗಿದೆ.

ನಾನು ಇವನ್ನೆಲ್ಲ ಒಂದೇ ರೀತಿ ಕೇಳಿದ್ದೇನೆ. ರಾತ್ರಿ ಊಟ ಆದಮೇಲೆ, ದೀಪ ಆರಿಸಿ, ಸಣ್ಣ ಸ್ಪೀಕರ್‌ನಲ್ಲಿ. ಪಕ್ಕದಲ್ಲಿ ಅಮ್ಮ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ರೇಡಿಯೊ ನಾಟಕ ಕೇಳಿದ ಅನುಭವ ನನಗಿಂತ ಎಷ್ಟೋ ಜಾಸ್ತಿ. ಹಾಗಾಗಿ ಮೂರು ವಿಷಯ ತಾನಾಗೇ ಪರೀಕ್ಷೆಯಾಯಿತು. ಇಂಗ್ಲಿಷ್ ನಮ್ಮಂಥವರಿಗೆ ಹಿಡಿತಕ್ಕೆ ಸಿಗುತ್ತದಾ? ರೆಕಾರ್ಡಿಂಗ್ ಕೇಳುವ ಹಾಗಿದೆಯಾ? ಎಲ್ಲಕ್ಕಿಂತ ಮುಖ್ಯವಾಗಿ, ಕಥೆ ಕಿವಿಗೇ ಅಂತ ಹುಟ್ಟಿದ್ದಾ, ಅಥವಾ ಪುಸ್ತಕಕ್ಕೋ ಸಿನಿಮಾಕ್ಕೋ ಬರೆದದ್ದನ್ನು ಸುಮ್ನೆ ಓದಿಸಿದ್ದಾರಾ? ಈ ಮೂರನೆಯದೇ ನನಗೆ ನಿಜವಾದ ಅಳತೆಗೋಲು. ಇವತ್ತಿಗೂ ಹಿಡಿದು ಕೂರಿಸುವ ನಾಟಕಗಳೆಲ್ಲ ಕಿವಿಗೆ ಹುಟ್ಟಿದವು.

‘ಸಸ್ಪೆನ್ಸ್’ ಸಿಬಿಎಸ್‌ನಲ್ಲಿ 1942ರಿಂದ 1962ರವರೆಗೆ, ಇಪ್ಪತ್ತು ವರ್ಷ ನಡೆಯಿತು. ಒಂಬೈನೂರಕ್ಕೂ ಹೆಚ್ಚು ಕಂತುಗಳು. ದುಡ್ಡಿದ್ದ ಸರಣಿ, ಹಾಗಾಗಿ ಹಾಲಿವುಡ್‌ನ ದೊಡ್ಡ ದೊಡ್ಡ ನಟರೆಲ್ಲ ಬಂದಿದ್ದಾರೆ. ಕ್ಯಾರಿ ಗ್ರಾಂಟ್, ಜೇಮ್ಸ್ ಸ್ಟೂವರ್ಟ್ ಸರಿ, ಜನರನ್ನು ನಗಿಸುವುದಕ್ಕೇ ಹೆಸರಾದ ಲೂಸಿಲ್ ಬಾಲ್, ಜ್ಯಾಕ್ ಬೆನ್ನಿ ಅಂಥವರೂ ಇಲ್ಲಿ ಗಂಭೀರ ಪಾತ್ರ ಮಾಡಿದ್ದಾರೆ. ಆದರೆ ಈ ಸರಣಿಯ ಎತ್ತರ ಗೊತ್ತಾಗುವುದು ‘ಸಾರಿ, ರಾಂಗ್ ನಂಬರ್’ ಕೇಳಿದಾಗ. ಬರೆದವರು ಲೂಸಿಲ್ ಫ್ಲೆಚರ್. ಮುಖ್ಯ ಪಾತ್ರ ಆಗ್ನೆಸ್ ಮೂರ್‌ಹೆಡ್. ಮೊದಲ ಪ್ರಸಾರ 1943ರ ಮೇ 25.

ಹಾಸಿಗೆ ಹಿಡಿದ ಹೆಂಗಸು, ಮನೆಯಲ್ಲಿ ಒಬ್ಬಳೇ. ಗಂಡನ ಆಫೀಸಿಗೆ ಫೋನ್ ಮಾಡುತ್ತಾಳೆ, ಬರೀ ಎಂಗೇಜ್. ಆಪರೇಟರ್‌ಗೆ ಹೇಳಿ ಲೈನು ಹಾಕಿಸಿಕೊಂಡರೆ ಕ್ರಾಸ್ ಕನೆಕ್ಷನ್. ಇಬ್ಬರು ಗಂಡಸರು ಮಾತಾಡುತ್ತಿದ್ದಾರೆ. ಈ ರಾತ್ರಿ ಹನ್ನೊಂದೂಕಾಲಿಗೆ ಒಬ್ಬ ಹೆಂಗಸನ್ನು ಮುಗಿಸಬೇಕು. ಆ ಹೊತ್ತಿಗೆ ಸೇತುವೆ ಮೇಲೆ ರೈಲು ಹೋಗುತ್ತದೆ, ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ. ಅಷ್ಟರಲ್ಲಿ ಲೈನು ಕಟ್ ಆಗುತ್ತದೆ. ಅಲ್ಲಿಂದ ಮುಂದೆ ಇಡೀ ನಾಟಕ ಅವಳು ಮಾಡುವ ಫೋನ್‌ಗಳೇ. ಆಪರೇಟರ್‌ಗೆ, ಪೊಲೀಸರಿಗೆ, ಮತ್ತೆ ಆಪರೇಟರ್‌ಗೆ. ಡಯಲ್ ತಿರುಗಿಸುವ ಸದ್ದು, ಎಂಗೇಜ್ ಸದ್ದು, ಆಚೆ ಕಡೆಯವರ ತಣ್ಣನೆಯ ಮರ್ಯಾದೆಯ ಮಾತು. ಲ್ಯಾಂಡ್‌ಲೈನ್ ಕಾಲದಲ್ಲಿ ಬೇರೆಯವರ ಮಾತು ನಮ್ಮ ಫೋನಿನಲ್ಲಿ ಕೇಳಿಸಿದ ಅನುಭವ ಇರುವವರಿಗೆ ವಿವರಣೆಯೇ ಬೇಕಿಲ್ಲ. ಅಮ್ಮ ಅರ್ಧ ಮಾತು ಅರ್ಥವಾಗದೆಯೂ ಕಥೆಯ ಒಂದು ಎಳೆ ಬಿಟ್ಟುಕೊಡಲಿಲ್ಲ. ನಡುವೆ ಒಂದೇ ಸಲ ಬಾಯಿ ಬಿಟ್ಟರು: “ಪೊಲೀಸ್ನೋನು ಇವಳ ಮಾತು ನಂಬ್ತಾ ಇಲ್ಲ ಅಲ್ವೇನೋ?”

ಇಲ್ಲಿ ಒಂದು ಕುಸುರಿ ಕೆಲಸ ಇದೆ. ಮೂರ್‌ಹೆಡ್ ಆ ಹೆಂಗಸನ್ನು ಪಾಪದವಳನ್ನಾಗಿ ಶುರು ಮಾಡುವುದಿಲ್ಲ. ಶುರುವಿನಲ್ಲಿ ಅವಳು ಗೊಣಗುವವಳು, ಜಂಬದವಳು, ಆಪರೇಟರ್‌ಗಳ ಮೇಲೆ ಹರಿಹಾಯುವವಳು. ನಮಗೇ ರೇಗುತ್ತದೆ. ಪೊಲೀಸಿನವನು ಅವಳನ್ನು ಸಾಗಹಾಕಿದರೆ ನಾವೂ ಒಳಗೊಳಗೇ ಅವನ ಕಡೆ. ಆಮೇಲೆ ದನಿ ಒಂದೊಂದೇ ಮೆಟ್ಟಿಲು ಏರುತ್ತಾ ಹೋಗುತ್ತದೆ, ಉಸಿರು ಸಾಲದಾಗುತ್ತದೆ. ಆಗ ನಮಗೆ ಗೊತ್ತಾಗುತ್ತದೆ, ಅವಳನ್ನು ಕೈಬಿಟ್ಟವರಲ್ಲಿ ನಾವೂ ಒಬ್ಬರು. ಫೋನ್ ಹಿಡಿದ ಹೆಂಗಸಿಗೆ ಕೇಳಿಸುವಷ್ಟೇ ರೇಡಿಯೊ ಮುಂದೆ ಕೂತ ನಮಗೂ ಕೇಳಿಸುವುದು. ಒಂದು ಸದ್ದು ಹೆಚ್ಚಿಲ್ಲ, ಒಂದು ಸದ್ದು ಕಡಿಮೆಯಿಲ್ಲ. 1948ರಲ್ಲಿ ಇದು ಸಿನಿಮಾ ಕೂಡ ಆಯಿತು, ಬಾರ್ಬರಾ ಸ್ಟಾನ್‌ವಿಕ್ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಹಳೇ ಕಥೆಯೆಲ್ಲ ಫ್ಲ್ಯಾಶ್‌ಬ್ಯಾಕ್‌ನಲ್ಲಿ ತೋರಿಸಲು ಹೋಗಿ ಆ ಕೋಣೆಯಿಂದ ನಮ್ಮನ್ನು ಹೊರಗೆ ಕರೆದುಕೊಂಡು ಬಂದುಬಿಡುತ್ತದೆ. ಹೊರಗೆ ಬಂದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು?

‘ಸಸ್ಪೆನ್ಸ್’ನ ಎಲ್ಲ ಕಂತೂ ಈ ಮಟ್ಟದ್ದಲ್ಲ. ಕೊನೆಯ ವರ್ಷಗಳಲ್ಲಿ ಬಜೆಟ್ ಇಳಿದದ್ದು ಕಿವಿಗೇ ಗೊತ್ತಾಗುತ್ತದೆ. 1940ರ ದಶಕದ ಕಂತುಗಳಿಂದ ಶುರು ಮಾಡಿ. ಫ್ಲೆಚರ್ ಅವರದೇ ಇನ್ನೊಂದು ನಾಟಕ ‘ದಿ ಹಿಚ್-ಹೈಕರ್’ ಬಿಡಲೇಬೇಡಿ. ಆರ್ಸನ್ ವೆಲ್ಸ್ ನ್ಯೂಯಾರ್ಕ್‌ನಿಂದ ಕ್ಯಾಲಿಫೋರ್ನಿಯಾ ಕಡೆಗೆ ಒಬ್ಬನೇ ಕಾರು ಓಡಿಸಿಕೊಂಡು ಹೋಗುವವನ ಪಾತ್ರ. ದಾರಿಯುದ್ದಕ್ಕೂ ಲಿಫ್ಟ್ ಕೇಳುತ್ತಾ ನಿಂತ ಅದೇ ಒಬ್ಬ ಮನುಷ್ಯ ಮತ್ತೆ ಮತ್ತೆ ಮುಂದೆ ಕಾಣಿಸುತ್ತಾನೆ. ಸಂಗೀತ ಬರ್ನಾರ್ಡ್ ಹರ್ಮನ್ ಅವರದು.

ಸಿಬಿಎಸ್‌ನಲ್ಲೇ ‘ಸಸ್ಪೆನ್ಸ್’ಗೆ ಒಂದು ಬಡ ತಮ್ಮ ಇದ್ದ, ‘ಎಸ್ಕೇಪ್’. 1947ರಿಂದ 1954. ಹೆಚ್ಚಿನ ಕಾಲ ಪ್ರಾಯೋಜಕರಿಲ್ಲ, ಪ್ರಸಾರದ ವೇಳೆ ಪದೇ ಪದೇ ಬದಲು. ಪತ್ತೇದಾರಿಗಿಂತ ಸಾಹಸ ಜಾಸ್ತಿ. ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಲು ಒಂದು ಒಳ್ಳೇ ಅವಕಾಶ ಇದೆ. ‘ತ್ರೀ ಸ್ಕೆಲಿಟನ್ ಕೀ’ ಎಂಬ ಒಂದೇ ಕಥೆಯನ್ನು ಎರಡೂ ಸರಣಿಗಳು ಮಾಡಿವೆ. ವಿನ್ಸೆಂಟ್ ಪ್ರೈಸ್ ಅವರೇ 1950ರಲ್ಲಿ ‘ಎಸ್ಕೇಪ್’ನಲ್ಲೂ 1956ರಲ್ಲಿ ‘ಸಸ್ಪೆನ್ಸ್’ನಲ್ಲೂ ನಟಿಸಿದ್ದಾರೆ. ಸಮುದ್ರದ ನಡುವೆ ಒಂದು ದೀಪಸ್ತಂಭ, ಅಲ್ಲಿ ಮೂರು ಜನ. ಜನವೇ ಇಲ್ಲದ ಹಡಗೊಂದು ತೇಲಿ ಬಂದು ಬಂಡೆಗೆ ಬಡಿಯುತ್ತದೆ. ಅದರ ತುಂಬ ಹಸಿದ ಇಲಿಗಳು. ಇಲಿಗಳು ದೀಪದ ಕೋಣೆಯ ಗಾಜನ್ನು ಪೂರ್ತಿ ಮುಚ್ಚಿಕೊಳ್ಳುವ ಭಾಗವನ್ನು ನಾನು ಎರಡರಲ್ಲೂ ಒಂದರ ಹಿಂದೆ ಒಂದು ಹಾಕಿ ಕೇಳಿದೆ. ನನ್ನ ಓಟು ‘ಎಸ್ಕೇಪ್’ಗೆ. ಅಲ್ಲಿ ಕೀಚಲು ಸದ್ದು ಮಾತಿನ ಅಡಿಯಲ್ಲೇ ಇರುತ್ತದೆ, ಒಂದು ಕ್ಷಣವೂ ಬಿಡುವುದಿಲ್ಲ. ಪ್ರೈಸ್ ಕೂಡ ಆ ಸದ್ದನ್ನು ದಾಟಿ ಮಾತಾಡಲು ಹೆಣಗುತ್ತಿರುವ ಹಾಗೆ ಕೇಳಿಸುತ್ತದೆ. ಅಮ್ಮ ಮಾತ್ರ ಇದನ್ನು ಅರ್ಧಕ್ಕೇ ನಿಲ್ಲಿಸು ಎಂದರು. ಇಲಿ ಅಂದರೆ ಆಗದವರು ಇದರ ಹತ್ತಿರ ಹೋಗಬೇಡಿ.

ಈಗ ನನಗೆ ಅತ್ಯಂತ ಇಷ್ಟದ ‘ದಿ ವಿಸ್ಲರ್’. 1942ರಿಂದ 1955ರವರೆಗೆ ನಡೆದ ಸರಣಿ. ಹೆಚ್ಚಾಗಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಷ್ಟೇ ಪ್ರಸಾರ, ಪ್ರಾಯೋಜಕರು ಸಿಗ್ನಲ್ ಆಯಿಲ್ ಪೆಟ್ರೋಲ್ ಕಂಪನಿ. ಶುರುವಿನಲ್ಲಿ ಹೆಜ್ಜೆ ಸಪ್ಪಳ, ಅದರ ಮೇಲೆ ಹದಿಮೂರು ಸ್ವರದ ಒಂದು ಸಿಳ್ಳೆ. ವರ್ಷಗಟ್ಟಲೆ ಆ ಸಿಳ್ಳೆ ಹಾಕಿದವರು ಡೊರೊಥಿ ರಾಬರ್ಟ್ಸ್ ಎಂಬ ಹೆಣ್ಣುಮಗಳು. ಆಮೇಲೆ ನಿರೂಪಕನ ದನಿ: ನಾನು ವಿಸ್ಲರ್, ರಾತ್ರಿ ಹೊತ್ತು ತಿರುಗುವವನು, ನನಗೆ ಎಷ್ಟೋ ವಿಷಯ ಗೊತ್ತು.

ಇದರಲ್ಲಿ ಪತ್ತೇದಾರನೇ ಇಲ್ಲ. ಇದ್ದರೂ ಬಾಗಿಲ ಆಚೆ ನಿಂತಿರುತ್ತಾನೆ. ಕೊಲೆ ಮಾಡುವವನೇ ನಾಯಕ. ಯಾರು ಮಾಡಿದ್ದು ಎಂಬ ಪ್ರಶ್ನೆ ಮೊದಲ ಹತ್ತು ನಿಮಿಷದಲ್ಲೇ ಮುಗಿಯುತ್ತದೆ. ಉಳಿಯುವುದು, ಎಲ್ಲಿ ಎಡವುತ್ತಾನೆ ಎಂಬ ಪ್ರಶ್ನೆ. ನಿರೂಪಕ ಈ ಕಥೆಯನ್ನು ನಮಗೆ ಹೇಳುವುದಿಲ್ಲ, ಕೊಲೆಗಾರನಿಗೇ ಹೇಳುತ್ತಾನೆ. ಎಲ್ಲ ಸರಿಯಾಗಿಯೇ ಮಾಡಿದ್ದೀಯ ಅಲ್ವಾ? ಯಾರೂ ನೋಡಲಿಲ್ಲ ಅಲ್ವಾ? ಈಗ ಇನ್ನೊಂದೇ ಒಂದು ಕೆಲಸ ಬಾಕಿ, ಅಷ್ಟೇ. ಈ ಧಾಟಿಯ ಮಾತು ಕತ್ತಲಲ್ಲಿ ಕೇಳಿಸಿಕೊಂಡರೆ ಅದು ನಮಗೇ ಹೇಳಿದ ಹಾಗೆ ಆಗುತ್ತದೆ. ಪಾಪಪ್ರಜ್ಞೆ ಮನುಷ್ಯನೊಳಗೆ ಮಾತಾಡುವುದೇ ಹೀಗೆ, ಹೆಸರು ಹಿಡಿದು, ಮೆಲ್ಲಗೆ. ಇದನ್ನು ತೆರೆಯ ಮೇಲೆ ತೋರಿಸುವುದು ಬಹಳ ಕಷ್ಟ. ರೇಡಿಯೊಗೆ ಒಂದು ದನಿ ಸಾಕು.

ಇನ್ನೊಂದು ಅನುಕೂಲ ಇದೆ. ಪಾತ್ರಗಳು ಕಡಿಮೆ, ನಾಲ್ಕೋ ಐದೋ. ನಿರೂಪಕ ಆಗಾಗ ಬಂದು ಎಲ್ಲಿಗೆ ಬಂದೆವು ಎಂದು ಹೇಳುತ್ತಾನೆ. ಹಾಗಾಗಿ ಇಂಗ್ಲಿಷ್ ಎರಡನೇ ಭಾಷೆಯಾದವರಿಗೆ ಇದರಷ್ಟು ಸಲೀಸಾದ ಸರಣಿ ಇನ್ನೊಂದಿಲ್ಲ. ‘ಸಸ್ಪೆನ್ಸ್’ನಲ್ಲಿ ಒಂದು ವಾಕ್ಯ ತಪ್ಪಿಸಿಕೊಂಡರೆ ಹಿಂದಕ್ಕೆ ಹೋಗಿ ಕೇಳಬೇಕಾಗುತ್ತದೆ, ಇಲ್ಲಿ ಹಾಗಿಲ್ಲ. ಕೊನೆಯಲ್ಲಿ ಒಂದು ತಿರುವು ಗ್ಯಾರಂಟಿ. ಪ್ರತಿ ಸಲವೂ ಕೊಲೆಗಾರ ತಾನೇ ಕಟ್ಟಿದ ಬಲೆಗೆ ತಾನೇ ಬೀಳುತ್ತಾನೆ. ಸಾಲಾಗಿ ಕೇಳುತ್ತಾ ಹೋದರೆ ತಿರುವನ್ನು ಊಹಿಸುವುದು ರೂಢಿಯಾಗುತ್ತದೆ. ಅಮ್ಮ ಇದರಲ್ಲಿ ನನ್ನನ್ನು ಸದಾ ಸೋಲಿಸುತ್ತಾರೆ. ಮಾತಿಗಿಂತ ಜಾಸ್ತಿ ದನಿಯನ್ನೇ ಕೇಳುತ್ತಾರೆ ನೋಡಿ. ಸುಳ್ಳು ಹೇಳುವವನ ದನಿ ಒಂಚೂರು ಬೇಗ ಉತ್ತರ ಕೊಡುತ್ತದಂತೆ.

‘ಇನ್ನರ್ ಸ್ಯಾಂಕ್ಟಮ್ ಮಿಸ್ಟರೀಸ್’ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1941ರಿಂದ 1952, ನಿರ್ಮಾಪಕ ಹೈಮನ್ ಬ್ರೌನ್. ಕಿರ್ರ್ ಎಂದು ತೆರೆದುಕೊಳ್ಳುವ ಆ ಬಾಗಿಲ ಸದ್ದು ರೇಡಿಯೊ ಇತಿಹಾಸದಲ್ಲೇ ಹೆಸರುವಾಸಿ. ನಿರೂಪಕ ರೇಮಂಡ್ ಸಾವಿನ ಬಗ್ಗೆ ಹಲ್ಲುಕಿರಿದು ಚಟಾಕಿ ಹಾರಿಸುತ್ತಾ ಸ್ವಾಗತ ಮಾಡುತ್ತಾನೆ. ಒಂದಷ್ಟು ಕಾಲ ಲಿಪ್ಟನ್ ಚಹಾ ಪ್ರಾಯೋಜಕರು. ಆ ಕಂತುಗಳಲ್ಲಿ ಮೇರಿ ಎಂಬಾಕೆ ಬಂದು ಹೆಣಗಳ ಮಾತಿನ ನಡುವೆ ಚಹಾದ ರುಚಿ ಹೊಗಳುತ್ತಾಳೆ. ಇಷ್ಟು ತುಂಬ ಚೆನ್ನಾಗಿದೆ. ಬಾಗಿಲ ಒಳಗೆ ಹೋದ ಮೇಲೆ ಕಥೆಯೇ ಸಪ್ಪೆ. ಎಲ್ಲರೂ ಮೊದಲ ನಿಮಿಷದಿಂದಲೇ ಕಿರುಚುತ್ತಾರೆ, ಆರ್ಗನ್ ವಾದ್ಯ ಪ್ರತಿ ಮಾತಿಗೂ ಗುಡುಗುತ್ತದೆ. ದೆವ್ವ ಎಂದು ಹೆದರಿಸಿ, ಕೊನೆಯ ಎರಡು ನಿಮಿಷದಲ್ಲಿ ಅದಕ್ಕೆಲ್ಲ ಕಾರಣ ಒದಗಿಸುವ ಆತುರದಲ್ಲಿ ನಂಬಲಾಗದ ವಿವರಣೆ ಕೊಡುತ್ತಾರೆ. ಪೀಟರ್ ಲೋರ್, ಬೋರಿಸ್ ಕಾರ್ಲಾಫ್ ಇರುವ ಕಂತುಗಳನ್ನು ಅವರ ದನಿಗೋಸ್ಕರ ಕೇಳಬಹುದು.

ಇದೇ ಹೈಮನ್ ಬ್ರೌನ್ 1974ರಲ್ಲಿ, ರೇಡಿಯೊ ನಾಟಕ ಸತ್ತೇ ಹೋಯಿತು ಎಂದು ಎಲ್ಲರೂ ಕೈಬಿಟ್ಟ ಮೇಲೆ, ಅದೇ ಬಾಗಿಲು ತೆಗೆದುಕೊಂಡು ವಾಪಸ್ ಬಂದರು. ‘ಸಿಬಿಎಸ್ ರೇಡಿಯೊ ಮಿಸ್ಟರಿ ಥಿಯೇಟರ್’ 1982ರವರೆಗೆ ನಡೆದು 1,399 ಕಥೆಗಳನ್ನು ಕೊಟ್ಟಿತು. ಅವರ ಆ ಹಟಕ್ಕೆ ನನ್ನ ದೊಡ್ಡ ನಮಸ್ಕಾರ. ನಿರೂಪಕ ಇ. ಜಿ. ಮಾರ್ಷಲ್ ಅವರ ದನಿ ಬೆಚ್ಚಗಿದೆ, ರೆಕಾರ್ಡಿಂಗ್ ಸ್ವಚ್ಛವಾಗಿದೆ, ಹಳೇ ಡಿಸ್ಕಿನ ಗೊರಗೊರ ಇಲ್ಲ. ಆದರೆ ಜಾಹೀರಾತು ತೆಗೆದರೂ ಮುಕ್ಕಾಲು ಗಂಟೆಯಷ್ಟು ಉದ್ದ. ಇಪ್ಪತ್ತೈದು ನಿಮಿಷದ ಕಥೆಯನ್ನು ಎಳೆದ ಹಾಗಿರುತ್ತದೆ. ಅಡುಗೆ, ಇಸ್ತ್ರಿ ಮಾಡುತ್ತಾ ಕೇಳುವವರಿಗೆ ಪರವಾಗಿಲ್ಲ. ದೀಪ ಆರಿಸಿ ಕೂತವರಿಗೆ ಅಲ್ಲ.

‘ಯುವರ್ಸ್ ಟ್ರೂಲಿ, ಜಾನಿ ಡಾಲರ್’ 1949ರಲ್ಲಿ ಶುರುವಾದರೂ ಅದಕ್ಕೆ ಜೀವ ಬಂದದ್ದು 1955ರ ಅಕ್ಟೋಬರ್‌ನಲ್ಲಿ, ಬಾಬ್ ಬೈಲಿ ಆ ಪಾತ್ರಕ್ಕೆ ಬಂದಾಗ. ಜಾನಿ ಇನ್ಶೂರೆನ್ಸ್ ಕಂಪನಿಗಳ ಪರವಾಗಿ ತನಿಖೆ ಮಾಡುವವನು. ಇಡೀ ಕಥೆ ಅವನು ಕಂಪನಿಗೆ ಕಳಿಸುವ ಖರ್ಚಿನ ಲೆಕ್ಕ. ವಿಮಾನದ ಟಿಕೆಟ್ ಇಷ್ಟು, ಟ್ಯಾಕ್ಸಿ ಇಷ್ಟು, ಹೋಟೆಲ್ ಇಷ್ಟು. ಪ್ರತಿ ಬಾಬ್ತಿನ ಹಿಂದೆ ಒಂದು ದೃಶ್ಯ. ಆಫೀಸಿಗೆ ಟಿಎ ಬಿಲ್ ಬರೆದವರಿಗೆಲ್ಲ ಇದು ತಕ್ಷಣ ಹತ್ತಿರವಾಗುತ್ತದೆ. ಒಂದು ವರ್ಷದಷ್ಟು ಕಾಲ ಇದನ್ನು ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಹದಿನೈದು ನಿಮಿಷ, ವಾರಕ್ಕೊಂದು ಕಥೆಯಂತೆ ಪ್ರಸಾರ ಮಾಡಿದರು. ಒಟ್ಟು ಒಂದು ಗಂಟೆ ದಾಟುವುದರಿಂದ ಪಾತ್ರಗಳಿಗೆ ಉಸಿರಾಡಲು ಜಾಗ ಸಿಕ್ಕಿದೆ. ಅರ್ಧ ಗಂಟೆಯ ನಾಟಕದಲ್ಲಿ ಸಾಕ್ಷಿ ಹೇಳುವ ವಿಧವೆ ಬರೀ ಸಾಕ್ಷಿಯಾಗಿ ಬಂದು ಹೋಗುತ್ತಾಳೆ. ಇಲ್ಲಿ ಅವಳ ದುಃಖಕ್ಕೂ ಎರಡು ನಿಮಿಷ ಇದೆ. ಬೈಲಿ ಸುಮ್ಮನಿದ್ದು ಕೇಳಿಸಿಕೊಳ್ಳುವುದು ಕೂಡ ನಮಗೆ ಕೇಳಿಸುತ್ತದೆ. ಪ್ರತಿ ಕಂತು ಒಂದು ಕೊಕ್ಕೆ ಹಾಕಿ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಒಂದೊಂದೇ ಕಂತು ಎಂದು ನಿಯಮ ಮಾಡಿಕೊಂಡೆವು. ಮೊಸರನ್ನದ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ.

ಬ್ರಿಟನ್ ಕಡೆಯ ಎರಡನ್ನು ಸೇರಿಸಲೇಬೇಕು. ಫ್ರಾನ್ಸಿಸ್ ಡರ್‌ಬ್ರಿಜ್ ಬರೆದ ‘ಪಾಲ್ ಟೆಂಪಲ್’ ಬಿಬಿಸಿಯಲ್ಲಿ 1938ರಿಂದ 1968ರವರೆಗೆ ಬಂತು. ಲೇಖಕ ಪಾಲ್, ಅವನ ಹೆಂಡತಿ ಸ್ಟೀವ್, ಇಬ್ಬರೂ ಸೇರಿ ಕೊಲೆಗಳ ಬೆನ್ನು ಹತ್ತುತ್ತಾರೆ. ವಿವಿಯನ್ ಎಲ್ಲಿಸ್ ಅವರ ‘ಕೊರೊನೇಷನ್ ಸ್ಕಾಟ್’ ರೈಲಿನ ಓಟದ ಸಂಗೀತ ಶುರುವಾದರೆ ಮನಸ್ಸು ಹಗುರಾಗುತ್ತದೆ. ಗಂಡ ಹೆಂಡತಿಯ ಮಾತು ಬಲು ಸೊಗಸು, ಪೀಟರ್ ಕೋಕ್ ಮತ್ತು ಮಾರ್ಜರಿ ವೆಸ್ಟ್‌ಬರಿ ಜೋಡಿಯದು ಹುಡುಕಿ ಕೇಳಿ. ಆದರೆ ಎಂಟು ಕಂತು, ತುಂಬ ಹೆಸರುಗಳು, ಚುರುಕು ಬ್ರಿಟಿಷ್ ಉಚ್ಚಾರ. ಅಮ್ಮ ಎರಡನೇ ಕಂತಿಗೇ ಎದ್ದು ಹೋದರು. ಹಳೆಯ ರೆಕಾರ್ಡಿಂಗ್‌ಗಳು ಎಷ್ಟೋ ಅಳಿಸಿಹೋಗಿದ್ದರಿಂದ ಕೆಲವನ್ನು ಬಿಬಿಸಿ 2006ರ ನಂತರ ಮೂಲ ಸ್ಕ್ರಿಪ್ಟ್ ಇಟ್ಟುಕೊಂಡು ಹಳೇ ಶೈಲಿಯಲ್ಲೇ ಮತ್ತೆ ಮಾಡಿದೆ. ಅದು ಎಂಥ ಪ್ರೀತಿಯ ಕೆಲಸ!

ಷರ್ಲಾಕ್ ಹೋಮ್ಸ್ ಬೇಕೆನ್ನುವವರಿಗೆ ಎರಡು ದಾರಿ. 1939ರಿಂದ 1946ರವರೆಗೆ ಅಮೆರಿಕದ ರೇಡಿಯೊದಲ್ಲಿ ಬೇಸಿಲ್ ರಾತ್‌ಬೋನ್ ಹೋಮ್ಸ್, ನೈಜಲ್ ಬ್ರೂಸ್ ವಾಟ್ಸನ್. ರಾತ್‌ಬೋನ್ ದನಿ ಚಾಕುವಿನಷ್ಟು ಹರಿತ, ಬ್ರೂಸ್ ಅವರ ವಾಟ್ಸನ್ ಮಾತ್ರ ಪೆದ್ದು. ಇನ್ನೊಂದು, ಬಿಬಿಸಿ ರೇಡಿಯೊ 4 1989ರಿಂದ 1998ರವರೆಗೆ ಮಾಡಿದ್ದು. ಕ್ಲೈವ್ ಮೆರಿಸನ್, ಮೈಕಲ್ ವಿಲಿಯಮ್ಸ್. ನಾಲ್ಕು ಕಾದಂಬರಿ, 56 ಕಥೆ, ಮೂಲದ ಅರವತ್ತನ್ನೂ ಒಂದೂ ಬಿಡದೆ ಮಾಡಿದ್ದಾರೆ. ವಿಲಿಯಮ್ಸ್ ಅವರ ವಾಟ್ಸನ್ ಬುದ್ಧಿವಂತ, ಯುದ್ಧ ನೋಡಿ ಬಂದ ಡಾಕ್ಟರು. ನನ್ನ ಪ್ರಕಾರ ಎರಡನೆಯದಕ್ಕೆ ಸಾಟಿಯಿಲ್ಲ, ದುಡ್ಡು ಕೊಟ್ಟು ಕೊಂಡರೂ ನಷ್ಟವಿಲ್ಲ.

ನಮ್ಮ ದೇಶದಲ್ಲೂ ಈ ಕಲೆ ನಿಂತಿಲ್ಲ ಎನ್ನುವುದನ್ನು ಇಲ್ಲೇ ಹೇಳಬೇಕು. ಕೋಲ್ಕತ್ತಾದ ಮಿರ್ಚಿ ಎಫ್‌ಎಂನ ‘ಸಂಡೇ ಸಸ್ಪೆನ್ಸ್’ 2009ರಿಂದ ಬಂಗಾಳಿಯಲ್ಲಿ ಇದೇ ಕೆಲಸ ಮಾಡುತ್ತಿದೆ, ಹುಡುಗ ಹುಡುಗಿಯರು ಮುಗಿಬಿದ್ದು ಕೇಳುತ್ತಾರೆ. ಕನ್ನಡದ ಎಫ್‌ಎಂನವರು ವಾರಕ್ಕೊಂದು ಅರ್ಧ ಗಂಟೆ ಹೀಗೆ ಕೊಟ್ಟರೆ ಕೇಳಲು ನಾವೆಲ್ಲ ಇದ್ದೇವೆ. ಕಥೆಗೂ ನಟರಿಗೂ ಇಲ್ಲಿ ಬರವಿಲ್ಲ.

ಕೇಳುವವರಿಗೆ ಒಂದೆರಡು ಉಪಯೋಗದ ಮಾತು. 1940ರ ದಶಕದಲ್ಲಿ ಅಮೆರಿಕದ ದೊಡ್ಡ ರೇಡಿಯೊ ಜಾಲಗಳು ನಾಟಕವನ್ನು ಹೆಚ್ಚಾಗಿ ನೇರವಾಗಿಯೇ ಪ್ರಸಾರ ಮಾಡುತ್ತಿದ್ದವು. ಪೂರ್ವ ಪಶ್ಚಿಮದ ಗಡಿಯಾರದ ವ್ಯತ್ಯಾಸಕ್ಕಾಗಿ ನಟರು ಒಂದೇ ರಾತ್ರಿ ಎರಡು ಸಲ ಆಡಿದ್ದೂ ಉಂಟು. ನಮಗೆ ಸಿಗುವುದು ಕಡತಕ್ಕೆ, ಪ್ರಾಯೋಜಕರಿಗೆ, ಸೈನಿಕರ ರೇಡಿಯೊಗೆ ಅಂತ ದೊಡ್ಡ ಡಿಸ್ಕ್‌ಗಳಲ್ಲಿ ಹಿಡಿದಿಟ್ಟ ಪ್ರತಿಗಳು. ಅದಕ್ಕೇ ಒಂದೇ ಕಂತು ಒಂದು ಕಡೆ ಗೊರಗೊರ, ಇನ್ನೊಂದು ಕಡೆ ಸ್ವಚ್ಛ. ಸೈನಿಕರ ರೇಡಿಯೊ ಪ್ರತಿಗಳಲ್ಲಿ ಜಾಹೀರಾತು ಇರುವುದಿಲ್ಲ, ಕಥೆಗೆ ಅವು ಒಳ್ಳೆಯವು. ಹೆಡ್‌ಫೋನ್ ಹಾಕಿದರೆ ಡಿಸ್ಕಿನ ಸದ್ದು ಕಿವಿಗೆ ಚುಚ್ಚುತ್ತದೆ, ಸಣ್ಣ ಸ್ಪೀಕರ್ ಲೇಸು. ಇನ್ನು ‘ಸಾರಿ, ರಾಂಗ್ ನಂಬರ್’ ಅನ್ನು ಮೂರ್‌ಹೆಡ್ ಅದೇ ಸರಣಿಗೆ ಹಲವು ಸಲ ಆಡಿದ್ದಾರೆ, ಹಾಗಾಗಿ ಫೈಲಿನ ಮೇಲಿನ ತಾರೀಖು ನೋಡಿಕೊಳ್ಳಿ. ನಾನು 1943ರ ಪ್ರಸಾರಗಳ ಪರ. ಆಮೇಲಿನವುಗಳಲ್ಲಿ ಎಲ್ಲಿ ಏನು ಮಾಡಬೇಕೆಂದು ಅವರಿಗೆ ಬಾಯಿಪಾಠವಾಗಿದೆ. ಆ ವರ್ಷದವುಗಳಲ್ಲಿ ಹೆಂಗಸಿಗೂ ನಟಿಗೂ ಮುಂದೇನು ಅಂತ ಗೊತ್ತಿಲ್ಲದ ಹಾಗಿದೆ.